ಸುಳ್ಳು ಕಿಟಕಿ

ಆ ಬಂಗಲೆಯ ಮುಂಭಾಗದಲ್ಲಿ ಎಡಕ್ಕೆಷ್ಟು ಕಿಟಕಿಗಳೋ ಬಲಕ್ಕೂ ಅಷ್ಟೇ. ಅವುಗಳಲ್ಲಿ ಒಂದು ಮಾತ್ರ ಬರೀ ಬಣ್ಣ. ಕಟ್ಟಿಸಿದ ದೊಡ್ಡ ಯಜಮಾನರಿಗೆ ಎರಡೂ ಕಡೆ ತೂಗಿ ಇಟ್ಟ ಹಾಗೆ ಸಮ ಇರಬೇಕಿತ್ತು. ಆದರೆ ಬಲಗಡೆ ಮೇಲಂತಸ್ತಿನ ಗೋಡೆಯ ಹಿಂದೆ ಆಳುಕಾಳುಗಳು ಓಡಾಡುವ ಮೆಟ್ಟಿಲು ಬಂದುಬಿಟ್ಟಿತ್ತು. ಅತಿಥಿಗಳ ಕಣ್ಣಿಗೆ ಮೆಟ್ಟಿಲೂ ಬೀಳಬಾರದು, ಆಳುಗಳೂ ಬೀಳಬಾರದು. ಸರಿ, ಚಿತ್ರಗಾರನನ್ನು ಕರೆಸಿ ಗೋಡೆಯ ಮೇಲೇ ಕಿಟಕಿ ಬರೆಸಿದರು: ಚೌಕಟ್ಟು, ಗಾಜು, ಅರ್ಧ ಸರಿಸಿದ ಕೆನೆಬಣ್ಣದ ಪರದೆ.

ಈಗ ಬಂಗಲೆ ನೋಡಲು ಬಂದವರಿಗೆ ಇದನ್ನು ಹೇಳಿ ಹೇಳಿ ಆ ಹೆಂಗಸಿನ ಬಾಯಿ ತಾನಾಗಿಯೇ ನಡೆಯುತ್ತಿತ್ತು. ಬಂಗಲೆ ತೋರಿಸುವುದೇ ಅವಳ ಕೆಲಸ. ಹೇಳದೆ ಉಳಿದದ್ದು ಒಬ್ಬಳಿಗೆ ಮಾತ್ರ, ಮಗಳಿಗೆ.

ಮಗಳನ್ನು ಎಲ್ಲರೂ ಗುಬ್ಬಿ ಅನ್ನುತ್ತಿದ್ದರು, ಇದ್ದದ್ದೂ ಗುಬ್ಬಿಯಷ್ಟೇ. ಶಾಲೆ ಬಿಟ್ಟ ಮೇಲೆ ಗೇಟಿನ ಪಕ್ಕದ ಕಲ್ಲುಬೆಂಚಿನಲ್ಲಿ ಕೂತು ಅಮ್ಮನಿಗಾಗಿ ಕಾಯುತ್ತಿದ್ದಳು. ಮೊದಮೊದಲು ದಿನಾ ಅಳು. ಒಂದು ಮಧ್ಯಾಹ್ನ ಸುಸ್ತಾಗಿ ನಿಂತಿದ್ದ ತಾಯಿ ತಲೆ ಎತ್ತಿ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದಳು: "ಅಲ್ನೋಡು, ಆ ಪರದೆ ಹಿಂದೆ ಒಬ್ರು ಅಜ್ಜಿ ಇದಾರೆ. ನಿನ್ನನ್ನೇ ನೋಡ್ತಿರ್ತಾರೆ. ನೀನು ಒಂಟಿ ಅಲ್ಲ."

ಅಳು ನಿಂತಿತು. ಗುಬ್ಬಿ ಕಿಟಕಿಗೆ ಕೈಬೀಸುವಳು, ಬರೆದ ಚಿತ್ರ ಎತ್ತಿ ತೋರಿಸುವಳು, ಬಿದ್ದ ಹಲ್ಲನ್ನೂ ತೋರಿಸಿದ್ದಳು.

ಇವತ್ತು ಗೇಟಿನ ಕಾವಲುಗಾರ ಯಾರಿಗೋ ಹೇಳಿದ, "ಅದಾ? ಅದು ಸುಳ್ಳು ಕಿಟಕಿ." ಅದು ಗುಬ್ಬಿಯ ಕಿವಿಗೆ ಬಿತ್ತು. ಕೆಲಸ ಮುಗಿಸಿ ಅಮ್ಮ ಗೇಟಿಗೆ ಬಂದಾಗ ಕೇಳಿದಳು:

"ಅಮ್ಮ, ಕಿಟಕಿ ಸುಳ್ಳು ಹೇಳುತ್ತಾ?"

"ಇಲ್ಲ ಪುಟ್ಟಿ."

"ಮತ್ತೆ ಯಾರು ಹೇಳಿದ್ದು?"

ಕಾವಲುಗಾರ ಪೆಚ್ಚಾದ. "ಇಷ್ಟು ದೊಡ್ಡ ಗೇಟಿಗೆ ಬೀಗ ಹಾಕ್ತೀನಿ ಅಕ್ಕಾ, ಈ ಬಾಯಿಗೊಂದು ಹಾಕಕ್ಕಾಗಲ್ಲ."

"ಅಜ್ಜಿ ರೂಮು ತೋರ್ಸು," ಅಂದಳು ಗುಬ್ಬಿ.

ತಾಯಿ ಮೇಲಿನ ಕಿಟಕಿಯತ್ತ ನೋಡಿದಳು. ಅಜ್ಜಿ ಇಲ್ಲವೆಂದರೆ, ಅಷ್ಟೂ ಮಧ್ಯಾಹ್ನಗಳು ಈ ಮಗು ಆ ಬೆಂಚಿನ ಮೇಲೆ ಒಂಟಿಯಾಗಿ ಕೂತಿತ್ತು ಅಂತಾಯಿತು. ನಾಳೆಯಿಂದ ಯಾವ ಧೈರ್ಯದ ಮೇಲೆ ಕೂರುತ್ತದೆ? ಅಮ್ಮನ ಯಾವ ಮಾತನ್ನು ನಂಬುತ್ತದೆ?

ನೋಡಲು ಬಂದವರೆಲ್ಲ ಹೋಗಿಯಾಗಿತ್ತು. ಉದ್ದನೆಯ ಹಜಾರದಲ್ಲಿ ಬಿಳಿ ಬಟ್ಟೆ ಹೊದ್ದ ಕುರ್ಚಿಗಳು ಮಂಜಿನಲ್ಲಿ ನಿಂತ ಹಸುಗಳ ಹಾಗೆ ಕಂಡವು. ಎದುರುಬದುರು ಕನ್ನಡಿಗಳ ನಡುವೆ ಹಾಯುವಾಗ ಎಷ್ಟೋ ಅಮ್ಮಂದಿರು ಎಷ್ಟೋ ಗುಬ್ಬಿಯರ ಕೈಹಿಡಿದು ಒಳಕ್ಕೊಳಕ್ಕೆ ನಡೆದುಹೋದರು. ಕೊನೆಯ ಕೋಣೆಯಲ್ಲಿ ಗೋಡೆಗೆ ಅಂಟಿಸಿದ ಹೂವಿನ ಕಾಗದವನ್ನೇ ಬಾಗಿಲಿಗೂ ಅಂಟಿಸಿದ್ದರು. ಹೂಗಳನ್ನು ತಳ್ಳಿದರೆ ಗೋಡೆ ತೆರೆದುಕೊಳ್ಳುತ್ತಿತ್ತು. ಒಳಗೆ ಆಳುಗಳ ಮೆಟ್ಟಿಲು, ನಟ್ಟನಡುವೆ ಕಾಲು ಸವೆಸಿದ ಹಳ್ಳ.

ಮೆಟ್ಟಿಲು ತಿರುಗುವಲ್ಲಿ ಬರೀ ಇಟ್ಟಿಗೆ ಗೋಡೆ. ಗಾಳಿಗೆಂದು ಬಿಟ್ಟ ಸಣ್ಣ ಸೀಳೊಂದು ಅದರಲ್ಲಿತ್ತು. ಹೊರಗಿನಿಂದ ಚಿತ್ರಗಾರ ಆ ಸೀಳನ್ನೇ ಪರದೆಯ ನಡುವಿನ ಸಂದಿಯಾಗಿ ಬಳಸಿಕೊಂಡಿದ್ದ. ಇಡೀ ಕಿಟಕಿಯಲ್ಲಿ ನಿಜವಾದದ್ದು ಆ ಕತ್ತಲೊಂದೇ.

"ಇಲ್ಲಿ ರೂಮಿಲ್ಲ ಕಂದ," ಅಂದಳು. "ಅಜ್ಜೀನೂ ಇಲ್ಲ. ಸುಳ್ಳು ಹೇಳಿದ್ದು ನಾನೇ."

ಗುಬ್ಬಿ ಗೋಡೆಯ ಹತ್ತಿರ ಹೋದಳು. ತುದಿಗಾಲಲ್ಲಿ ನಿಂತು ಸೀಳಿಗೆ ಕಣ್ಣಿಟ್ಟಳು. ತುಂಬ ಹೊತ್ತು ನೋಡಿದಳು.

"ನನ್ನ ಬೆಂಚು ಕಾಣತ್ತೆ."

"ಹೂಂ. ಜನ ಮುಂದೆ ಹೋದಾಗ ನಾನಿಲ್ಲಿ ಒಂದು ಗಳಿಗೆ ನಿಲ್ತೀನಿ. ದಿನಾನೂ."

"ನಾನು ಬೆಕ್ಕಿಗೆ ನನ್ನ ಬನ್ನು ಕೊಟ್ಟಿದ್ದು ನಿಂಗೆ ಹಂಗೇನಾ ಗೊತ್ತಾಗಿದ್ದು?"

"ಹಂಗೇ."

"ಹಲ್ಲು ತೋರ್ಸಿದ್ದು?"

"ಅದೂ ಕಂಡಿತ್ತು."

ಗುಬ್ಬಿ ತಿರುಗಿ ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ನೀನೇನೂ ಅಷ್ಟು ಮುದುಕಿ ಅಲ್ಲ."

"ದಿನಾ ಸಂಜೆ ಹೊತ್ತಿಗೆ ಆಗಿರ್ತೀನಿ ತಗೋ."

"ಸರಿ, ಈಗ ನೀನು ಹೋಗಿ ಕೂತ್ಕೋ. ನಾನು ನೋಡ್ತೀನಿ."

ಅವಳು ಇಳಿದು ಬಂದು ಬೆಂಚಿನ ಮೇಲೆ ಕೂತಳು. ಇಷ್ಟು ವರ್ಷಗಳಲ್ಲಿ ಅಲ್ಲಿ ಒಮ್ಮೆಯೂ ಕೂತಿರಲಿಲ್ಲ. ಚಪ್ಪಲಿ ಬಿಟ್ಟಳು, ಪಾದದ ಕೆಳಗೆ ಕಲ್ಲು ತಣ್ಣಗಿತ್ತು. ಇಳಿಬಿಸಿಲು ಬಣ್ಣದ ಗಾಜಿಗೆ ತಾಗಿದಾಗ ಪರದೆ ಉಸಿರಾಡಿದ ಹಾಗಾಯಿತು. ನಡುವಿನ ಕತ್ತಲಿನಿಂದ ಪುಟ್ಟ ಬೆರಳೊಂದು ಹೊರಬಂದು ಅಲುಗಿತು. ಅವಳು ಕೈಬೀಸಿದಳು.

"ಯಾರಿಗಕ್ಕಾ?" ಅಂದ ಕಾವಲುಗಾರ.

"ಅಜ್ಜಿಗೆ."

ಅವನು ಮೇಲೆ ನೋಡಿದ, ಅವಳನ್ನು ನೋಡಿದ. ಏನೋ ಹೇಳಹೊರಟವನು ಈ ಸಲ ಬಾಯಿಗೆ ಬೀಗ ಹಾಕಿಕೊಂಡ.