ಮುಕುಪಳ ವಿಳಾಸ

ಎಂಡೋಲಾ ಪಟ್ಟಣದ ತನ್ನ ಮನೆಯ ಅಂಗಳದಲ್ಲಿ, ಎಲ್ಲರೂ ಕಬಾಸೊನ ಅಮ್ಮ ಎಂದೇ ಕರೆಯುವ ಮುದುಕಿ ಕುಂಬಳದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಹಿತ್ತಲಿನ ಬಾಡಿಗೆ ಕೋಣೆ ಖಾಲಿಯಿದೆಯೆಂದು ಕೇಳಿ, ತನ್ನ ಇಬ್ಬರು ಪುಟ್ಟ ಹೆಣ್ಣುಮಕ್ಕಳೊಂದಿಗೆ ಮುಕುಪ ಎಂಬಾಕೆ ಬಂದಳು.

"ಎಲ್ಲಿ ಕೆಲಸ?"

"ಇನ್ನೂ ಸಿಕ್ಕಿಲ್ಲಮ್ಮ. ಹಾಸ್ಟೆಲ್ ಅಡುಗೆಮನೇಲಿ ಆಳು ಬೇಕಂತೆ. ಮನೆ ವಿಳಾಸ ಇಲ್ದೋರನ್ನ ತಗೊಳಲ್ಲ ಅಂದ್ರು."

"ಮೊದ್ಲು ಕೆಲಸ ಸಿಗ್ಲಿ, ಆಮೇಲೆ ಬಾ."

"ಅವ್ರು ಮೊದ್ಲು ಮನೆ ಸಿಗ್ಲಿ ಅಂತಾರೆ," ಎಂದು ಮುಕುಪ ನಕ್ಕಳು. ನಗುವಿನಲ್ಲಿ ಜೀವವಿರಲಿಲ್ಲ. ಗಂಡ ತೀರಿಕೊಂಡ ವಾರಕ್ಕೇ ಅವನ ಅಣ್ಣಂದಿರು ಮನೆಗೆ ಬೀಗ ಜಡಿದಿದ್ದರು. ಮೂರು ತಿಂಗಳಿಂದ ತಾಯಿ, ಮಕ್ಕಳು ಮಾರುಕಟ್ಟೆಯ ಕಟ್ಟೆಗಳ ಮೇಲೆ ಮಲಗುತ್ತಿದ್ದರು. ಅದನ್ನೆಲ್ಲ ಮುಕುಪ ಹೇಳಿಕೊಂಡಳು.

"ಪಾಪ ಅಂತ ಹಿಂದೆ ಒಬ್ಬನಿಗೆ ಕೋಣೆ ಕೊಟ್ಟಿದ್ದೆ. ಹೋಗುವಾಗ ಬಾಗಿಲನ್ನೇ ಕಿತ್ಕೊಂಡು ಹೋದ. ನಾನೂ ಗಂಡ ಇಲ್ಲದೋಳು ಕಣೇ. ಆ ಕೋಣೆಯಿಂದ್ಲೇ ನನ್ನ ಊಟ."

"ನಿಮ್ಮ ತಪ್ಪಿಲ್ಲ ಬಿಡಿ." ಮುಕುಪ ಎದ್ದಳು. ಚಿಕ್ಕ ಹುಡುಗಿ ಆಗಲೇ ಪಕ್ಕದಲ್ಲಿ ಕೂತು ಸೊಪ್ಪಿನ ನಾರು ತೆಗೆಯುತ್ತಿದ್ದಳು. ಕೈಯಲ್ಲಿದ್ದ ಎಲೆ ಮುಗಿಸಿಯೇ ತಾಯಿಯ ಹಿಂದೆ ಓಡಿದಳು.

ಆ ದಿನ ಮುದ್ದೆಗೆ ಆ ಸೊಪ್ಪು ನೆಂಚಿಕೊಂಡ ಮುದುಕಿ ಅರ್ಧಕ್ಕೇ ತಟ್ಟೆ ಸರಿಸಿ ಎದ್ದಳು.

ಮರುದಿನ ಆ ಹಾಸ್ಟೆಲಿಗೆ ಹೋದಳು. ಅಲ್ಲಿನ ಮುಖ್ಯ ಅಡುಗೆಯವಳಾದ ಚಿಸಾಂಗ ಅವಳಿಗೆ ಚರ್ಚಿನಿಂದ ಪರಿಚಯ.

"ಮುಕುಪನ್ನ ಯಾಕೆ ತಗೊಂಡಿಲ್ಲ?"

"ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಹುಡುಗೀರು ಬೆಳಗಾದ್ರೆ ಗಂಜಿ ಕೇಳ್ತಾರಕ್ಕ. ಆಳು ಬರ್ಲಿಲ್ಲ ಅಂದ್ರೆ ನನ್ನ ತಲೆ ತಿಂತಾರೆ."

"ನನ್ನ ಮನೇಲಿರ್ತಾಳೆ. ಬರ್ಕೋ."

"ಈಗ ಇದಾಳಾ?"

"ಸಂಜೆಗೆ ಇರ್ತಾಳೆ."

ಚಿಸಾಂಗ ಹುಬ್ಬೇರಿಸಿದಳು. "ಇವ್ಳೂ ಬಾಗಿಲು ಕಿತ್ಕೊಂಡು ಹೋದ್ರೆ?"

"ನಿನ್ನ ಗಂಜಿ ಪಾತ್ರೆ ಹೊತ್ಕೊಂಡು ಹೋದ್ರೆ ನೀನೇನು ಮಾಡ್ತೀಯೋ, ನಾನೂ ಅದನ್ನೇ ಮಾಡ್ತೀನಿ. ಸುಮ್ನೆ ಬರ್ಕೊಳೇ!"

ಚಿಸಾಂಗ ನಗುತ್ತಲೇ ಬರೆದುಕೊಂಡಳು. ಅಲ್ಲಿಂದ ಕಬಾಸೊನ ಅಮ್ಮ ನೆಟ್ಟಗೆ ಮಾರುಕಟ್ಟೆಗೆ ನಡೆದು, ತಾಯಿ ಮಕ್ಕಳನ್ನು ಹುಡುಕಿ ಕರೆತಂದಳು.

ಮರುದಿನ ಬೆಳಕು ಹರಿಯುವ ಮುಂಚೆ ಅವಳು ನೀರಿಗೆಂದು ಹಿತ್ತಲಿಗೆ ಬಂದಾಗ, ಮುಕುಪ ಸುತ್ತಿದ ಚಾಪೆ ತೊಡೆಯ ಮೇಲಿಟ್ಟುಕೊಂಡು ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ಮಕ್ಕಳು ಅವಳಿಗೊರಗಿ ತೂಕಡಿಸುತ್ತಿದ್ದರು.

"ಎಲ್ಲಿಗೆ ಹೊರಟ್ರೇ?"

"ಎಲ್ಲಿಗೂ ಇಲ್ಲಮ್ಮ," ಮುಕುಪ ನಾಚಿದಳು. "ಮಾರುಕಟ್ಟೇಲಿ ತರಕಾರಿಯೋರು ಬರೋದ್ರೊಳಗೆ ಜಾಗ ಬಿಡ್ಬೇಕಿತ್ತು. ಅದೇ ಅಭ್ಯಾಸ."

ಕಬಾಸೊನ ಅಮ್ಮ ಚಾಪೆ ತೆಗೆದುಕೊಂಡು ಒಳಗೆ ಹೋಗಿ ಮತ್ತೆ ಹಾಸಿದಳು. ಚಿಕ್ಕವಳನ್ನು ಎತ್ತಿ ಮಲಗಿಸಿದಳು. ದೊಡ್ಡವಳು ತಾನೇ ಹೋಗಿ ಉರುಳಿಕೊಂಡಳು.

"ನೀನು ಕೆಲಸಕ್ಕೆ ಹೊರಡು ಮಗಳೇ. ಇವು ಮಲಗ್ಲಿ."