ಗೇಟಿನ ಕಂಬದ ಹಳದಿ ಗೆರೆ

ಅಣ್ಣನ ಎಡಗಾಲು ಇನ್ನೆಷ್ಟು ದಿನ ಕ್ಲಚ್ ತುಳಿಯಬಲ್ಲದು ಎಂದು ನಾನೇ ನರರೋಗದ ಡಾಕ್ಟರನ್ನು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, "ಎರಡು ತಿಂಗಳು ಅಂತಿಟ್ಕೊಳ್ಳಿ. ಆಮೇಲೆ ಕೈಗೂ ಬರುತ್ತೆ," ಎಂದರು. ಅಣ್ಣ ಪಕ್ಕದಲ್ಲೇ ಕೂತಿದ್ದ.

"ಅಂದ್ರೆ ಎಂಟು ಭಾನುವಾರ," ಎಂದ. "ಇನ್ನೊಂದು ಕಾರು ತಗೊಳ್ಳೋಕೆ ಧಾರಾಳವಾಯ್ತು."

ಅಣ್ಣನದು ಡ್ರೈವಿಂಗ್ ಸ್ಕೂಲು. ಹದಿನೆಂಟು ವರ್ಷ ಅವನು ಕೂತದ್ದು ಚಾಲಕನ ಪಕ್ಕದ ಸೀಟಿನಲ್ಲಿ. ಕಲಿಸುವ ಕಾರಿನಲ್ಲಿ ಆ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರು ಗಾಬರಿಗೊಂಡಾಗ ತುಳಿಯುವುದು ಅವನ ಕಾಲು. "ಈ ಊರಲ್ಲಿ ಅರ್ಧ ಜನ ಬದುಕಿರೋದು ನಿಮ್ಮಣ್ಣನ ಕಾಲಿನ ಪುಣ್ಯದಿಂದ," ಎಂದು ಅತ್ತಿಗೆ ನಗುತ್ತಿದ್ದರು.

ಬೇರೆಯವರ ಪಕ್ಕ ಕೂತು ಕೂತು ಬೇಸತ್ತೇ ಅವನು ಆ ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದ. ಹಳೆಯದು, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತಿತ್ತು. ನನ್ನನ್ನು ಕೇಳದೆ ತಂದ. ಎರಡನೇ ತಿಂಗಳಲ್ಲಿ ಇಂಜಿನ್ ಜಾಮ್ ಆಗಿ ನಿಂತಿತು. ಹನ್ನೊಂದು ತಿಂಗಳು ನಾನು ಅದರ ಕೆಳಗೆ ಮಲಗಿ ಸರಿಮಾಡಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ನಾನು ಸಹಿ ಹಾಕದೆ ಯಾವ ಗಾಡಿಯೂ ಗೇಟಿನೊಳಗೆ ಬರುವಂತಿಲ್ಲ.

ನನ್ನ ಕೆಲಸವೇ ಅದು. ಗ್ಯಾರೇಜಿನಲ್ಲಿ ಹಳೆಯ ಕಾರುಗಳನ್ನು ಪರೀಕ್ಷಿಸಿ ಅರವತ್ತೆರಡು ಸಾಲಿನ ಫಾರಂ ತುಂಬುತ್ತೇನೆ. ಈ ಕೆಲಸ ಕಲಿತ ಸಂಜೆ ತರಗತಿಯಲ್ಲಿ ಮೇಷ್ಟ್ರು ಮೊದಲ ದಿನವೇ ಬರೆಸಿದ್ದರು: ಅನುಮಾನ ಬಂದರೆ ಬೇಡ ಎಂದು ಬರೆ. ಆ ವಾಕ್ಯದಿಂದ ನನ್ನ ಹೊಟ್ಟೆ ತುಂಬಿದೆ. ಬೇಡ ಎಂದು ಬರೆದವನನ್ನು ಯಾರೂ ಬಯ್ಯುವುದಿಲ್ಲ.

"ಕೆಂಪು ಗಾಡೀಲಿ ಒಬ್ಬರು ಕೂತ್ರೆ ಇನ್ನೊಬ್ಬರು ಗೇಟಲ್ಲಿ ನಿಂತು ಕೈಬೀಸ್ಬೇಕು," ಎಂದ ಅಣ್ಣ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. "ಮೂರು ಜನಾನೂ ಕೂರೋ ಗಾಡಿ ಬೇಕು. ಆದ್ರೆ ಬಾಡಿಗೆ ಕಾರಿನ ಥರ ಬೇಡ. ನೋಡಿದ್ರೇ ನಗು ಬರಬೇಕು. ನಾನು ಓಡಿಸ್ಬೇಕು, ನಿನ್ನ ಅತ್ತಿಗೆ, ಮಗಳು ಇಬ್ಬರೂ ನನ್ನ ಗಾಡೀಲಿ ಕೂತು ಕಿರುಚ್ಬೇಕು."

"ಗೇರ್ ಇಲ್ಲದ್ದು ತಗೊಳ್ಳೋಣ ಅಣ್ಣಾ. ಕಾಲಿಗೆ ಕೆಲಸ ಇರಲ್ಲ."

"ಅದು ಕಾರಲ್ಲ ಕಣೋ, ಲಿಫ್ಟು. ಗುಂಡಿ ಒತ್ತಿ ಸುಮ್ನೆ ನಿಂತ್ಕೋ."

ಮೊದಲ ಭಾನುವಾರ ನೋಡಿದ್ದು ನೀಲಿ ಕಾರು. ಕೆಳಗೆ ತುಕ್ಕು ಹಿಡಿದಿತ್ತು. ಅದನ್ನು ಬೇಡ ಎಂದದ್ದು ಸರಿಯೇ.

ಎರಡನೆಯ ಭಾನುವಾರ ಹಲ್ಲಿನ ಡಾಕ್ಟರಮ್ಮನ ಮನೆಗೆ ಹೋದೆವು. ಅಲ್ಲಿತ್ತು ಹಳದಿ ಕಾರು. ಪುಟ್ಟದು, ದುಂಡಗೆ, ಎರಡೇ ಬಾಗಿಲು, ತಲೆಯ ಮೇಲೆ ಬಟ್ಟೆಯ ಮಾಡು. ಹಿಡಿ ತಿರುಗಿಸಿದರೆ ಮಾಡು ಮಡಚಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅಣ್ಣನ ಮಗಳು ಹತ್ತಿ ನಿಂತಳು; ತಲೆ ಆಕಾಶದಲ್ಲಿತ್ತು.

"ಅಪ್ಪಾ, ಇದು ಬಾತುಕೋಳಿ!"

ಅಣ್ಣ ಬೀದಿಯಲ್ಲಿ ಒಂದು ಸುತ್ತು ಓಡಿಸಿದ. ಕ್ಲಚ್ ಬೆಣ್ಣೆಯಂತೆ ಹಗುರ. ತಿರುವಿನಲ್ಲಿ ಅತ್ತಿಗೆ ನಿಜಕ್ಕೂ ಕಿರುಚಿದರು. ನರರೋಗದ ಡಾಕ್ಟರರ ಕೋಣೆಯಿಂದ ಬಂದ ಮೇಲೆ ಅವನು ಹಾಗೆ ನಕ್ಕದ್ದು ಅದೇ ಮೊದಲು.

ನಾನು ಮಾತ್ರ ಬಾಗಿಲ ಅಂಚನ್ನು ಉಗುರಿನಿಂದ ತಡವುತ್ತಿದ್ದೆ. ಒಂದು ಬಾಗಿಲ ಬಣ್ಣ ಉಳಿದ ಭಾಗಕ್ಕಿಂತ ದಪ್ಪವಿತ್ತು.

"ಇದಕ್ಕೆ ಆಕ್ಸಿಡೆಂಟ್ ಆಗಿತ್ತಾ?"

"ಅಯ್ಯೋ, ಇಲ್ಲಪ್ಪ," ಎಂದರು ಡಾಕ್ಟರಮ್ಮ. "ನಾನೇ ನಮ್ಮ ಗೇಟಿನ ಕಂಬಕ್ಕೆ ಉಜ್ಜಿಬಿಟ್ಟೆ. ಹಲ್ಲು ಕೀಳೋಳಿಗೆ ರಿವರ್ಸ್ ಬರಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕಾರು ಮಾರುವವರೆಲ್ಲ ಹೀಗೇ ಏನಾದರೂ ಹೇಳುತ್ತಾರೆ. ಬಾಗಿಲಿಗೆ ಬಣ್ಣ ಬಳಿದವರು ಒಳಗೆ ಏನು ಮುಚ್ಚಿದ್ದಾರೋ. ಆ ಕಾರಿನಲ್ಲಿ ಮಗು ಕೂರುತ್ತದೆ. ನಲವತ್ತೊಂದನೆಯ ಸಾಲಿನಲ್ಲಿ ಬರೆದೆ: ಅನುಮಾನ. ಬೇಡ.

ಅಣ್ಣ ಫಾರಂ ಓದಿದ. ಒಂದು ಕ್ಷಣ ಅವನ ಬಾಯಿ ತೆರೆಯಿತು. ಆಮೇಲೆ ಬೀಗದಕೈಯನ್ನು ಡಾಕ್ಟರಮ್ಮನ ಅಂಗೈಯಲ್ಲಿಟ್ಟ. "ಇನ್‌ಸ್ಪೆಕ್ಟರ್ ಸಾಹೇಬರು ಬೇಡ ಅಂದ್ರೆ ಮುಗೀತು. ಒಂದು ಸಲ ಇವನನ್ನ ಕೇಳದೆ ತಂದು ಹನ್ನೊಂದು ತಿಂಗಳು ಮಣ್ಣಲ್ಲಿ ಮಲಗಿಸಿದ್ದೀನಿ."

ಮಗಳು ಹಿಂದಿನ ಸೀಟಿನಿಂದ ಇಳಿಯಲು ತುಂಬ ಹೊತ್ತು ಮಾಡಿದಳು.

ಮೂರನೆಯ ಭಾನುವಾರ, ನಾಲ್ಕನೆಯದು, ಐದು, ಆರು. ಒಂದರಲ್ಲಿ ಗೇರಿನ ಸದ್ದು, ಒಂದರಲ್ಲಿ ಎಣ್ಣೆಯ ಜಿನುಗು, ಇನ್ನೊಂದರಲ್ಲಿ ಏನೂ ಇರಲಿಲ್ಲ. ಅದೇ ನನಗೆ ಅನುಮಾನ ತಂದಿತು. ಅಣ್ಣ ಪ್ರತಿ ಸಲವೂ ಬೀಗದಕೈ ವಾಪಸು ಕೊಡುತ್ತಿದ್ದ. ಕಾರು ನೋಡಲು ಹೋಗುತ್ತಿರುವವರೆಗೆ ಅಣ್ಣ ಕಾರು ಓಡಿಸುವವನೇ ಎಂದು ನನಗೆ ಅನಿಸುತ್ತಿತ್ತೇನೋ. ಆಗ ಅದು ಗೊತ್ತಿರಲಿಲ್ಲ. ಎಚ್ಚರಿಕೆಯಿಂದ ಇದ್ದೇನೆ ಎಂದೇ ತಿಳಿದಿದ್ದೆ.

ಏಳನೆಯ ಭಾನುವಾರ ಒಂದು ಬಿಳಿ ಕಾರು. ಖಾಲಿ ಮೈದಾನದಲ್ಲಿ ಅಣ್ಣ ಹೊರಡಿಸಿದ. ಹತ್ತು ಮಾರು ಹೋಗುವಷ್ಟರಲ್ಲಿ ಕಾರು ಜಿಗಿದು ನಿಂತಿತು. ಮತ್ತೆ ಹೊರಡಿಸಿದ. ಮತ್ತೆ ನಿಂತಿತು. ಮೂರನೆಯ ಸಲ ಅವನು ಎರಡೂ ಕೈಯಲ್ಲಿ ಎಡತೊಡೆಯನ್ನು ಎತ್ತಿ ಪೆಡಲಿನ ಮೇಲೆ ಇಟ್ಟದ್ದನ್ನು ನಾನು ಪಕ್ಕದಿಂದ ನೋಡಿದೆ. ಕಾಲು ಜಾರಿ ಬಿತ್ತು.

"ಕ್ಲಚ್ ಗಟ್ಟಿ ಇದೆ ಅಣ್ಣಾ. ಬರ್ಕೊಳ್ತೀನಿ," ಎಂದೆ.

"ಬರ್ಕೋಬೇಡ್ವೋ. ಕ್ಲಚ್ ಚೆನ್ನಾಗಿದೆ."

ಅವನು ಇಳಿದ. ಕಾರಿನ ಮೇಲೆ ಕೈಯೂರಿಕೊಂಡು ಮುಂದಿನಿಂದ ಸುತ್ತಿ ಬಂದು ನನ್ನ ಬಾಗಿಲು ತೆಗೆದ. "ಜರುಗು. ನನ್ನ ಜಾಗ ಅದು."

ಮರುದಿನ ಕೆಲಸಕ್ಕೆ ರಜೆ ಹಾಕಿ ಹಲ್ಲಿನ ಡಾಕ್ಟರಮ್ಮನ ಮನೆಗೆ ಹೋದೆ. ಹಳದಿ ಕಾರು ಮಾರಾಟವಾಗಿ ಹೋಗಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಹೋಗಿದ್ದರೆ ತಪ್ಪು ಹಂಚಿಹೋಗುತ್ತಿತ್ತು. ಅದು ಅಲ್ಲೇ ಇತ್ತು. ಗೇಟು ತೆರೆಯುವಾಗ ಕಂಬ ನೋಡಿದೆ. ಸಿಮೆಂಟಿನ ಮೇಲೆ, ಬಾಗಿಲಿನ ಎತ್ತರಕ್ಕೆ ಸರಿಯಾಗಿ, ಒಂದು ಗೇಣುದ್ದದ ಹಳದಿ ಗೆರೆ. ಯಾರೂ ಮುಚ್ಚಿರಲಿಲ್ಲ, ಒರೆಸಿರಲಿಲ್ಲ. ಅಂದು ಕಾರಿನ ಅರವತ್ತೆರಡು ಕಡೆ ನೋಡಿದವನು ಗೇಟಿನ ಕಡೆ ಒಮ್ಮೆಯೂ ಕತ್ತು ತಿರುಗಿಸಿರಲಿಲ್ಲ.

ಆ ಗೆರೆಯ ಮೇಲೆ ಬೆರಳಿಟ್ಟು ನಿಂತೆ. ಐದು ಭಾನುವಾರ. ಅಣ್ಣನ ಕಾಲು ಇನ್ನೂ ಅವನ ಮಾತು ಕೇಳುತ್ತಿದ್ದ ಐದು ಭಾನುವಾರ.

"ಯಾಕಪ್ಪಾ, ಹಲ್ಲು ನೋವಾ?" ಎಂದರು ಡಾಕ್ಟರಮ್ಮ ನನ್ನ ಮುಖ ನೋಡಿ.

ಕಾರನ್ನು ಕೊಂಡು ಮನೆಗೆ ತಂದು ಕೆಂಪು ಕಾರಿನ ಪಕ್ಕ ನಿಲ್ಲಿಸಿದೆ. ಅಣ್ಣ ಕುರ್ಚಿಯಲ್ಲಿ ಕೂತೇ ನೋಡಿದ. ನಾನು ಕಂಬದ ಗೆರೆಯ ವಿಷಯ ಹೇಳಿದೆ. ಹೇಳದೆ ಇರಬಹುದಿತ್ತು, ಆದರೆ ಆಗಲಿಲ್ಲ.

"ನನ್ನ ಕ್ಷಮಿಸು ಅಣ್ಣಾ," ಎಂದೆ.

"ನಂಗೆ ಅವತ್ತೇ ಗೊತ್ತಿತ್ತು ಕಣೋ," ಎಂದ. "ರಿವರ್ಸ್ ಬರದವರನ್ನ ಎಷ್ಟು ಜನಾನ ನೋಡಿಲ್ಲ ನಾನು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಸಹಿ ನಿಂದು ಅಲ್ವಾ."

ಒಳಗಿದ್ದ ಅತ್ತಿಗೆ ಆ ಮಾತು ಕೇಳಿ ನಲ್ಲಿ ಜೋರಾಗಿ ತಿರುಗಿಸಿದರು. ನೀರು ಸುರಿಯುತ್ತಲೇ ಇತ್ತು. ಪಾತ್ರೆಯ ಸದ್ದು ಬರಲಿಲ್ಲ.

ಭಾನುವಾರ ಹೊರಟೆವು. ಅದು ಎಂಟನೆಯದು. ಮಾಡು ಮಡಚಿ ಹಿಂದೆ ಹೋಯಿತು. ಹಿಂದಿನ ಸೀಟಿನಲ್ಲಿ ತಾಯಿ ಮಗಳು. ಪಕ್ಕದಲ್ಲಿ ಅಣ್ಣ. ಚಾಲಕನ ಸೀಟಿನಲ್ಲಿ ಕೂತು ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ, ಅವನು ಮೊದಲ ಸಲ ಕಲಿಸಿದ ದಿನದಂತೆಯೇ.

"ಕನ್ನಡಿ ನೋಡು," ಎಂದ. "ಉಸಿರು ಬಿಡು. ಕ್ಲಚ್ ನಿಧಾನ."

ತಿರುವಿನಲ್ಲಿ ಯಾರೂ ಕಿರುಚಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಮಗಳು ಅಪ್ಪನ ಹಿಂದಲೆಯನ್ನೇ ನೋಡುತ್ತಿದ್ದಳು.

ಎರಡನೆಯ ಗೇರಿಗೆ ಹಾಕುವಾಗ ಅಣ್ಣನ ಕಾಲ ಕಡೆ ಕಣ್ಣು ಹೋಯಿತು. ಆ ಸೀಟಿನ ಕೆಳಗೆ ಪೆಡಲ್ ಇಲ್ಲ, ಬರಿ ಚಾಪೆ. ನಾನು ಕ್ಲಚ್ ತುಳಿದ ಮೇಲೆ, ತಡವಾಗಿ, ಅವನ ಎಡಗಾಲಿನ ಚಪ್ಪಲಿ ಚಾಪೆಯ ಮೇಲೆ ಒಂದಿಷ್ಟು ಮುಂದಕ್ಕೆ ಸರಿಯಿತು.

ಮೂರನೆಯ ಗೇರಿಗೆ ಹಾಕುವ ಹೊತ್ತು ಬಂತು. ಇಂಜಿನ್ ಕೂಗುತ್ತಿತ್ತು. ಕ್ಲಚ್ಚನ್ನು ನೆಲದವರೆಗೆ ಒತ್ತಿ ಹಿಡಿದು, ಅವನ ಚಪ್ಪಲಿ ಸರಿಯುವವರೆಗೂ ಕಾದೆ.