ಅಕ್ಕನ ದನಿಯಿದ್ದ ಟೇಪು

"ಇದನ್ನೂ ಕತ್ತರಿಸ್ಲಾ?" ಎಂದು ರೆಕಾರ್ಡಿಂಗ್‌ನವನು ಬ್ಲೇಡು ಹಿಡಿದುಕೊಂಡೇ ಕೇಳಿದ. ಟೇಪಿನ ಮೇಲೆ ಬಿಳಿ ಪೆನ್ಸಿಲ್ಲಿನಿಂದ ಎರಡು ಗೆರೆ ಎಳೆದಿದ್ದ. ಆ ಗೆರೆಗಳ ನಡುವೆ ಗಾಯಕನ ಅಕ್ಕ "ತಮ್ಮಾ" ಎಂದು ಕರೆದಿದ್ದಳು.

ಗಾಯಕ ಕಪ್ಪು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

ಒಂದು ಕಾಲಕ್ಕೆ ಅಕ್ಕ ತಮ್ಮ ಇಬ್ಬರೂ ಊರೂರು ಅಲೆದು ಜನಪದ ಹಾಡು ಹೇಳುತ್ತಿದ್ದವರು. ಅವರ ಮನೆತನದಲ್ಲಿ ಒಂದು ಹಾಡನ್ನು ಒಬ್ಬರಿಗೇ ಪೂರ್ತಿ ಕಲಿಸುತ್ತಿರಲಿಲ್ಲ. ಅರ್ಧ ಸಾಲು ಇವನಿಗೆ, ಉಳಿದರ್ಧ ಅವಳಿಗೆ. ಎಷ್ಟೇ ಜಗಳವಾಡಿದರೂ ಹಾಡುವ ಹೊತ್ತಿಗೆ ಮುಖ ನೋಡಿಕೊಳ್ಳಲೇಬೇಕು ಎಂದು ಅಜ್ಜಿ ಹೂಡಿದ ಉಪಾಯ ಅದು. ಹಾಡು ಮುಗಿದಾಗ ಅಕ್ಕ ಒಂದೇ ಸಲ "ತಮ್ಮಾ" ಎನ್ನಬೇಕು, ಇವನು "ಓ" ಎನ್ನಬೇಕು.

ಈಗ ಇವನಿಗೆ ಹೂಬಳ್ಳಿಯ ಕೋಟು, ಬೆನ್ನ ಹಿಂದೆ ಉದ್ದಗೂದಲಿನ ಮೂವರು ವಾದ್ಯದವರು, ತಲೆ ಗಿರ್ರೆನ್ನಿಸುವ ಬಣ್ಣದ ದೀಪಗಳು. ಅಕ್ಕ ಒಮ್ಮೆ ಕೇಳಿ, ಹಾಡು ಚೆನ್ನಾಗಿದೆ ಆದರೆ ಯಾರೋ ಬಾವಿಗೆ ಬಿದ್ದು ಹೇಳಿದ ಹಾಗಿದೆ ಎಂದು ನಕ್ಕು, ತಾನು ಬರುವುದಿಲ್ಲವೆಂದುಬಿಟ್ಟಿದ್ದಳು. ಅವಳ ಅರ್ಧ ಇವನ ಬಳಿ ಉಳಿದಿದ್ದು ಈ ಹಳೆಯ ಟೇಪಿನಲ್ಲಿ ಮಾತ್ರ.

ಮೊದಲ ರೆಕಾರ್ಡಿಗೆ ಅವಳ "ನೀರು" ಎಂಬ ಮಾತನ್ನು ಕತ್ತರಿಸಿ, ಹಿಂದುಮುಂದಾಗಿ ಅಂಟಿಸಿ, ಪ್ರತಿಧ್ವನಿ ಕೊಟ್ಟರು. ಕೇಳಿದವರು ಹುಚ್ಚೆದ್ದು ಕುಣಿದರು. ಮುಂದಿನ ವಾರ ಮನೆಗೆ ಹೋದಾಗ ಅಕ್ಕ ಕೊಡದತ್ತ ಕೈ ತೋರಿಸಿ, "ಅದೇ ಕಣೋ, ಕುಡಿಯೋದು. ಹೆಸರು ನಾಲಿಗೆಗೆ ಬರ್ತಿಲ್ಲ" ಎಂದಳು. ವಯಸ್ಸಾಯಿತು ನಿನಗೆ ಎಂದು ಇವನು ರೇಗಿಸಿದ. ಎರಡನೆಯ ರೆಕಾರ್ಡಿಗೆ "ಬೆಳಕು" ಹೋಯಿತು. ಮೂರು ದಿನಕ್ಕೆ ಭಾವ ಫೋನು ಮಾಡಿ, ಅವಳು ಸ್ವಿಚ್ಚಿನ ಮುಂದೆ ನಿಂತು ಮಾತಿಗಾಗಿ ತಡಕಾಡುತ್ತಾಳೆ ಎಂದರು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲವೆಂದರು. ಆವತ್ತು ಗಾಯಕ ಯಾರಿಗೂ ಹೇಳದೆ ಸ್ಟುಡಿಯೋಗೆ ಓಡಿಬಂದು, ಕತ್ತರಿಸಿದ ಚೂರುಗಳನ್ನು ಮೊದಲಿದ್ದ ಜಾಗಕ್ಕೇ ಅಂಟಿಸಿದ. ಟೇಪು ಸರಿಯಾಗಿ ಹಾಡಿತು. ಅಕ್ಕನಿಗೆ ಮಾತ್ರ ಆ ಎರಡು ಮಾತು ಮರಳಲಿಲ್ಲ.

"ಕಾಪಿ ಮಾಡ್ಕೊಂಡು ಅದನ್ನ ಕತ್ತರಿಸೋಣ" ಎಂದ ಗಾಯಕ ಈಗ.

"ನಿನ್ನೆ ಮಾಡಿ ನೋಡಿದ್ವಲ್ಲ. ಜೀವಾನೇ ಇರ್ಲಿಲ್ಲ."

ನಿಜ. ಕಾಪಿಯಲ್ಲಿ ಆ ಕರೆ ಯಾರೋ ಯಾರನ್ನೋ ಕರೆದಂತಿತ್ತು. ಕಂಪನಿಯವರು ಸಂಜೆಯೊಳಗೆ ಹಾಡು ಬೇಕೆಂದಿದ್ದರು. ಅಕ್ಕನ ದನಿಯಿಲ್ಲದ ಕಳೆದ ಹಾಡು ನೆಲಕಚ್ಚಿತ್ತು, ಇದೂ ಬಿದ್ದರೆ ಇವನನ್ನು ಕೇಳುವವರಿರಲಿಲ್ಲ. ಕಾಕತಾಳೀಯ, ಅಷ್ಟೇ, ಎಂದು ತನಗೆ ತಾನೇ ಹೇಳಿಕೊಂಡ. ಅದನ್ನು ತಾನು ನಂಬುತ್ತಿಲ್ಲವೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

"ಕತ್ತರಿಸು" ಎಂದ.

ಹಾಡು ಅದ್ಭುತವಾಗಿ ಬಂತು. ವಾದ್ಯದವರು ಅವನನ್ನು ಎತ್ತಿ ಕುಣಿಸಿದರು.

ಮರುದಿನ ಬೆಳಗ್ಗೆ ಅವನು ಅಕ್ಕನ ಮನೆಯ ಬಾಗಿಲು ತಟ್ಟಿದ. ಬಾಗಿಲು ತೆಗೆದ ಅಕ್ಕ ಅವನ ಕೋಟನ್ನೂ ಮುಖವನ್ನೂ ನೋಡಿ, ಸೆರಗು ಸರಿಮಾಡಿಕೊಂಡಳು.

"ಒಳಗ್ ಬನ್ನಿ. ಅವ್ರು ಅಂಗಡಿಗೆ ಹೋಗಿದ್ದಾರೆ, ಇನ್ನೇನ್ ಬಂದ್ಬಿಡ್ತಾರೆ" ಎಂದಳು.

ತಮಾಷೆ ಮಾಡುತ್ತಿದ್ದಾಳೇನೋ ಎಂದು ಅವನು ಆಸೆಯಿಂದ ಕಾದ. ಅವಳು ಒಳ್ಳೆಯ ಕುರ್ಚಿಯನ್ನೇ ಎಳೆದು ಕೊಟ್ಟಳು. ದೂರದಿಂದ ಬಂದಿರಾ, ಮನೆ ಹುಡುಕುವುದು ಕಷ್ಟವಾಯಿತಾ ಎಂದು ವಿಚಾರಿಸಿದಳು. ಅವನು ಕುರ್ಚಿಯ ಅಂಚಿಗೆ ಕುಳಿತ. ಆಮೇಲೆ ಅವಳೇ ಸಂಕೋಚದಿಂದ ಕೇಳಿದಳು.

"ನಿಮ್ಗೆ ಅಕ್ಕತಂಗೀರು ಇದ್ದಾರಾ?"

"ಒಬ್ಬಳು ಅಕ್ಕ."

"ಆಗಾಗ ಹೋಗಿ ನೋಡ್ಕೊಂಡ್ ಬನ್ನಿ. ಅವ್ರು ಬಾಯ್ಬಿಟ್ಟು ಹೇಳಲ್ಲ, ಆದ್ರೆ ಕಾಯ್ತಿರ್ತಾರೆ."

ಅವನು ತಲೆಯಾಡಿಸಿದ. ಅಕ್ಕ ಎದುರು ಕುಳಿತು ಒಗೆದ ಬಟ್ಟೆಗಳನ್ನು ಮಡಿಸತೊಡಗಿದಳು. ನಡುವೆ ಒಮ್ಮೆ ತಲೆಯೆತ್ತಿ, ಬಂದವರ ಮುಖ ಒದ್ದೆಯಾಗಿರುವುದನ್ನು ನೋಡಿ, ಸೆಕೆಯಿರಬೇಕೆಂದುಕೊಂಡು, ಎದ್ದು ಫ್ಯಾನನ್ನು ಅವನತ್ತ ತಿರುಗಿಸಿದಳು.